ಕೊಳಲ ಕೆಳಗಿನ ಮಾತು

ನಮ್ಮ ಮನಿಯವರು ಮೂಕರಂತ! ಹಂಗ ಹೇಳಿದವರ ಬಾಯಾಗ ಹುಳಾ ಬೀಳಲಿ. ನಮ್ಮೂರು ದಾಳಿಂಬದಾಗ ಯಾರಿಗ್ಯಾರೆ ಕೇಳ್ರಿ, ಅವರು ಮುಂಜಾನಿ ಚಾ ಕುಡಿಯೋಕಿಂತ ಮದಲ ಅರ್ಧಾ ಓಣಿಗಿ ಮಾತಾಡಿಸಿ ಬರವರು. ಉಮರ್ಗಾಕ್ಕ ಹೋಗೋ ಆಟೋದಾಗ ಇವರು ಹತ್ತಿದ್ರ ಡ್ರೈವರ್ ತಾನೇ ಹಾಡು ಬಂದ್ ಮಾಡವ. ಇವರ ಮಾತಿನ ಮುಂದ ಅದು ಯಾರಿಗಿ ಕೇಳಸ್ತಿತ್ತು? ಅಂಥವರನ್ನ ಪುಣೆದವರು ಬಂದು ಪಿಚ್ಚರ್ ತಗದು, "ಎರಡು ಭಾಷಾದ ನಡುವ ಸಿಕ್ಕು ಈ ರೈತನ ನಾಲಿಗಿ ಮೌನ ಆಗ್ಯದ" ಅಂತ ಮರಾಠಿಯಾಗ ಹೇಳಿ, ಮ್ಯಾಲ ಒಂದು ಕೊಳಲು ಊದಿ ಬಿಟ್ಟಾರ.

ಅವರ ಹೆಸರು ನಾ ಹೇಳಂಗಿಲ್ಲ. ನಮ್ಮ ಕಡಿ ಗಂಡನ ಹೆಸರು ಹಂಗೇ ಬಾಯಿಲೆ ತಗೊಳ್ಳಂಗಿಲ್ಲ, ಒಡಪು ಕಟ್ಟಿ, ಅದರಾಗ ಸೇರಿಸಿ ಹೇಳಬೇಕು. ಮರಾಠಿಯವರು ಇದಕ್ಕೇ ಉಖಾಣಾ ಅಂತಾರ. ಮದುವ್ಯಾಗ, ಸಂಕ್ರಾಂತಿ ಅರಶಿಣ-ಕುಂಕುಮಕ್ಕ ಹೋದಾಗ, ಹೆಣ್ಣಮಕ್ಕಳು ಬಾಗಲಾ ಅಡ್ಡಗಟ್ಟಿ "ಹೆಸರು ಹೇಳು, ಆಮ್ಯಾಲ ಒಳಗ ಬಾ" ಅಂತಾರ. ಗಂಡಸರಿಗೂ ಬಿಡಂಗಿಲ್ಲ. ಗಂಡ ಹೇಳಿದ್ರ ಹೇಣ್ತಿ ತಿರುಗಿ ಹೇಳಲೇಬೇಕು, ಅದು ರಿವಾಜ. ಅವರು ತೀರಿ ಹೋದ ಮ್ಯಾಲ ನನಗ ಯಾರೂ ಹೆಸರು ಹೇಳು ಅಂದಿಲ್ಲ. ನಾ ಬಂದ್ರ ಸುಮ್ನ ಬಾಗಲಾ ಬಿಟ್ಟು ಸರೀತಾರ. ನಮ್ಮ ಶರಣರ ಧರ್ಮದಾಗ ಇಂಥ ಭೇದ ಇಲ್ಲ ಅಂತ ಮಠದ ಸ್ವಾಮಿಗಳು ಹೇಳತಾರ, ಖರೇ. ಆದ್ರ ಹೆಣ್ಣಮಕ್ಕಳ ಕಣ್ಣು ಸ್ವಾಮಿಗಳ ಮಾತು ಕೇಳಂಗಿಲ್ಲ.

ಆ ಪಿಚ್ಚರ್‌ದವರು ಬಂದ ದಿನ ನಮ್ಮಿಬ್ಬರ ನಡುವ ಮಾತು ಬಂದ್ ಇತ್ತು. ಕಾರಣ ಕೇಳಿದ್ರ ನಗ್ತೀರಿ. ಒಲಿ ಮ್ಯಾಲ ಹಾಲಿಟ್ಟು "ಜರಾ ನೋಡ್ಕೋರಿ" ಅಂತ ಹೇಳಿ ನಾ ಹಿತ್ತಲಕ್ಕ ಹೋಗಿದ್ದೆ. ಇವರು ಬಾಗಲದಾಗ ಯಾರ ಸಂಗಟೋ ಮಾತಿಗಿ ನಿಂತ್ರು. ಹಾಲೆಲ್ಲಾ ಉಕ್ಕಿ ಒಲಿ ಆರಿ ಹೋಗಿತ್ತು. "ನಿಮ್ಮ ಮಾತಿಗಿ ಬೆಂಕಿ ಹಚ್ಚ" ಅಂದೆ, ಮಾತು ಬಿಟ್ಟೆ. ಅದೇ ಹೊತ್ತಿಗಿ ಕ್ಯಾಮೆರಾ ಹೊತ್ತಗೊಂಡು ಅವರು ಬಂದ್ರು. ಗಡಿ ಊರಿನ ಮಂದಿ ಮ್ಯಾಲ ಏನೋ ತಗೀತಾರಂತ. ಇವರಿಗಿ ಮತ್ತೇನು ಬೇಕು? ಹೊಲ ತೋರಸ್ತೀನಿ ಬರ್ರಿ ಅಂತ ಕರಕೊಂಡು ಹೋದ್ರು.

ನಾ ಹಾಲಿಲ್ಲದ ಕರಿ ಚಾ ಮಾಡಿ ಹೊಲಕ್ಕ ಒಯ್ದೆ. ತೊಗರಿ ಹೂವಿಗಿ ಬಂದಿತ್ತು, ಹೊಲ ಹಳದಿ ಹಳದಿ. ಬಾಜೂ ಹೊಲದಾಗ ಟ್ರ್ಯಾಕ್ಟರ್ ನಡದಿತ್ತು. ಬೇವಿನ ಗಿಡದ ಬುಡಕ ಚಾದ ತಾಟು ಹಿಡದು ನಿಂತೆ. ಇವರು ಕ್ಯಾಮೆರಾದ ಮುಂದ ನಿಂತವರು ನನ್ನ ಕಡಿ ನೋಡಿದ್ರು, ಕೈ ಎತ್ತಿ ಏನೋ ಅಂದ್ರು. ಅಲ್ಲಿದ್ದ ಒಬ್ಬಂವಾ ಘೊಳ್ಳಂತ ನಕ್ಕ. ಟ್ರ್ಯಾಕ್ಟರ್ ಸಪ್ಪಳದಾಗ ನನಗೊಂದು ಅಕ್ಷರ ಕೇಳಲಿಲ್ಲ.

ಸಂಜಿಕಿ ತಡೀಲಾರದೆ ನಾನೇ ಮಾತು ಮುರದೆ. "ಏನ್ ಅಂದ್ರಿ ಅವರಿಗಿ? ಯಾಕ ನಕ್ಕ ಅಂವಾ?"

"ನಿನ್ನ ಹೆಸರು ಹಾಕಿ ಒಡಪು ಹೇಳೀನಿ" ಅಂದ್ರು.

"ಅಯ್ಯ ನನ ಶಿವನೇ! ಯಾವ ಒಡಪು?"

"ಟಿವಿಯಾಗ ಬಂದಾಗ ಕೇಳು. ಆಮ್ಯಾಲ ನಿನ್ನ ಪಾಳಿ ಅದ, ತಿರುಗಿ ಹೇಳಬೇಕು. ತಯಾರಾಗಿರು."

ಕಾಡಿದೆ, ಬೇಡಿದೆ, ಮೂರು ದಿನ ಉಪ್ಪಿಲ್ಲದ ಪಲ್ಯ ಹಾಕ್ತೀನಂತ ಹೆದರಿಸಿದೆ. ಊಂಹೂಂ. ಆ ವರ್ಷದ ತೊಗರಿ ರಾಶಿ ಆಗೋದ್ರಾಗ ಅವರು ಹೋದ್ರು. ಎದಿ ಹಿಡದದ ಅಂದ್ರು, ಉಮರ್ಗಾ ಮುಟ್ಟೋದ್ರಾಗ ಎಲ್ಲಾ ಮುಗದಿತ್ತು. ಅವರ ಹಂತೇಕ ಇದ್ದದ್ದು ಬಟನ್ ಮೊಬೈಲ್. ಅವರ ಆವಾಜ ನನ್ನ ಹಂತೇಕ ಎಲ್ಲೂ ಇಲ್ಲ. ಮಕ್ಕಳೂ ಆಗಲಿಲ್ಲ ನಮಗ, ಅವರಂಗ ಕೆಮ್ಮವರು, ಅವರಂಗ ಕರಿಯವರು ಮನ್ಯಾಗ ಯಾರಿಲ್ಲ. ಆದ್ರೂ ಒಂದು ಧೈರ್ಯ ಇತ್ತು: ಪಿಚ್ಚರ್ ಬರ್ತದ, ಅದರಾಗ ಕೇಳ್ತೀನಿ.

ಬಂತು. ಮೊಬೈಲ್‌ದಾಗ ಬಂತು. ಅವರ ಮಾರಿ ಬಂತು, ಬಾಯಿ ಆಡಿತು. ಆವಾಜ ಇಲ್ಲ. ಬರೇ ಕೊಳಲು. ಮೊಬೈಲ್ ಕಿವಿಗಿ ಒತ್ತಿ ಹಿಡದೆ, ಕೊಳಲಿನ ಕೆಳಗ ಏನಾರೆ ಸಣ್ಣದಾಗಿ ಉಳದಿದ್ದೀತು ಅಂತ. ದಿನಾ ನೋಡಿದೆ, ದಿನಾ ಅತ್ತೆ. ಅಷ್ಟು ಆಸಿ ಇಟಗೊಂಡಿದ್ದೆ ನಾ.

ಹಿಂಗಿರಾಗ ಈ ದೀಪಾವಳಿ ಸೂಟಿಗಿ ಪ್ರಣಿತಾ ಬಂದಳು. ಆಕಿ ನಮ್ಮ ಭಾವನ ಮಗಳು, ಉದಗೀರದ ಕಾಲೇಜಿನ್ಯಾಗ ಪೇಪರ್, ಟಿವಿ ಇಂಥದ್ದೇನೋ ಕಲೀತಾಳ. ಬಂದಾಕಿನೇ ಒಂದು ವಹಿ, ಪೆನ್ನು ಹಿಡದು, "ಕಾಕು, ಕಾಕಾಂದು ಡಾಕ್ಯುಮೆಂಟರಿ ಹಚ್ರಿ, ನನಗ ಟಿಪ್ಪಣಿ ಬರಿಯೋದದ" ಅಂದಳು.

"ಪಿಚ್ಚರ್ ನೋಡಲಿಕ್ಕೂ ಫೀ ತಗೋತಾರೇನ ನಿಮ್ಮ ಕಾಲೇಜಿನ್ಯಾಗ?"

"ಸುಮ್ನ ನೋಡೋದಲ್ಲ ಕಾಕು. ನಮಗ ಒಂದು ಮಾತು ನಂಬಸ್ಲಿಕ್ಕ ಅವರು ಏನೇನು ಮಾಡ್ಯಾರ, ಅದನ್ನ ಹಿಡೀಬೇಕು. ಪ್ರತಿ ಸಲ ಕೇಳಬೇಕು: ಇಲ್ಲಿ ಏನು ಹಾಕ್ಯಾರ? ಇಲ್ಲಿಂದ ಏನು ತಗದಾರ?"

ಕುಂತೆವು ಇಬ್ಬರೂ. ಅವರ ಮಾರಿ ಬಂದ ಕೂಡಲೇ ನನ್ನ ಕಣ್ಣಾಗ ನೀರು. ಪ್ರಣಿತಾ ಬಂದ್ ಮಾಡಿದಳು.

"ಕೆಳಗ ಏನು ಬರದಾರ ನೋಡ್ರಿ. 'ಗಡಿಭಾಗದ ಒಬ್ಬ ರೈತ' ಅಂತ. ಹೆಸರಿಲ್ಲ. ಹೆಸರು ತಗದ್ರ ಕಾಕಾ ಕಾಕಾ ಉಳಿಯಂಗಿಲ್ಲ, ಅವರು ಹೇಳಿದ್ದಕ್ಕೆಲ್ಲಾ ಒಂದು ಗೊಂಬಿ ಆಗ್ತಾರ." ಬರಕೊಂಡಳು. ಮತ್ತ ಹಚ್ಚಿದಳು. ಅವರು ಬಾಜೂಕ ನೋಡತಾರ, ಮರುಗಳಿಗಿ ಒಂದು ಖಾಲಿ ರಸ್ತಾ, ಕರ್ನಾಟಕಕ್ಕ ಸ್ವಾಗತ ಅಂತ ಒಂದು ಬೋರ್ಡು. "ಇದನ್ನ ನೋಡಿದವರು ಏನು ತಿಳಕೋತಾರ? ಕಾಕಾ ಆ ಕಡಿ ನೋಡಿ ಮರಗಲತ್ತಾರ ಅಂತ. ಎರಡು ಬ್ಯಾರೆ ಬ್ಯಾರೆ ತುಕಡಿ ಜೋಡಸ್ಯಾರ ಅಷ್ಟೇ."

"ಮಣ್ಣಾಂಗಟ್ಟಿ! ಆ ರಸ್ತಾ ಎಲ್ಲಿ, ನಮ್ಮ ಹೊಲ ಎಲ್ಲಿ? ಅವರು ನೋಡಿದ್ದು ನನ್ನ. ಅಲ್ಲೇ ಬೇವಿನ ಗಿಡದ ಬುಡಕ ನಾ ನಿಂತಿದ್ದೆ!"

ಆಕಿ ಪೆನ್ನು ಬಿಟ್ಟು ನನ್ನ ಮಾರಿ ನೋಡಿದಳು. ಆಗ ನಾ ಎಲ್ಲಾ ಹೇಳಿದೆ. ಹಾಲು, ಕರಿ ಚಾ, ಒಡಪು, "ನಿನ್ನ ಪಾಳಿ ಅದ" ಅಂದದ್ದು. ಯಾರ ಮುಂದೂ ಹೇಳಿದ್ದಿಲ್ಲ. ಗಂಡ ಸತ್ತಾಕಿ ಒಡಪಿನ ಆಸಿ ಮಾಡತಾಳ ಅಂದ್ರ ನಗತಾರೋ ಅಳತಾರೋ ಅಂತ ಅಂಜಿಕಿ.

ಪ್ರಣಿತಾ ನಗಲಿಲ್ಲ, ಅಳಲೂ ಇಲ್ಲ. "ತಡೀರಿ" ಅಂದಳು. ಮೊದಲ ಆವಾಜ ಪೂರಾ ಬಂದ್ ಮಾಡಿದಳು. ಆಮ್ಯಾಲ ಎಲ್ಲೋ ಒತ್ತಿ, "ಇದನ್ನ ನಿಧಾನ ಮಾಡ್ಯಾರ ಕಾಕು. ನಿಧಾನ ಮಾಡಿದ್ರ ಯಾರ ಮಾರೀನೂ ದುಃಖದಾಗ ಕಾಣಸ್ತದ. ನಾ ಜೋರು ಓಡಸ್ತೀನಿ, ನೋಡ್ರಿ" ಅಂದಳು.

ಏನ್ ಹೇಳಲಿ ನಿಮಗ. ಅವರು ಬಂದ್ರು. ನಮ್ಮ ಮನಿಯವರು ಬಂದ್ರು! ಅದೇ ಪಟಪಟ ಬಾಯಿ, ಅದೇ ಕೈ ಬೀಸೋದು, ಕುತ್ತಿಗಿ ವಾರಿ ಮಾಡಿ ಕಣ್ಣಾಗೇ ನಗೋದು. ದುಃಖ ಇಲ್ಲ, ಮೌನ ಇಲ್ಲ, ಮಣ್ಣಿಲ್ಲ. ನಾ ಇಷ್ಟು ದಿನ ಆ ಕೊಳಲು ಕೇಳಿ ಯಾರಿಗೋ ಅತ್ತಿದ್ದೆ. ಈಗ ಸಪ್ಪಳಿಲ್ಲದ ಪಿಚ್ಚರ್ ನೋಡಿ ಖರೇ ಖರೇ ಅತ್ತೆ, ಹುಡುಗಿಯ ಹೆಗಲ ಮ್ಯಾಲ ಬಿದ್ದು. ಅವರು ಬೇಕು ಅನಿಸಿತು ನನಗ. ಉಕ್ಕಿದ ಹಾಲಿನ ಸಮೇತ ಬೇಕು ಅನಿಸಿತು.

ಮರುದಿನ ಪ್ರಣಿತಾ ಆ ಪುಣೆದ ಸಾಹೇಬನ ನಂಬರ್ ಹುಡುಕಿ ಫೋನ್ ಹಚ್ಚಿದಳು. ಅಂವಾ ಭಾಳ ನಯದಾಗ ಮಾತಾಡಿದ. ಆ ಶೂಟಿಂಗದೆಲ್ಲಾ ಅಳಿಸಿ ಹೋಗ್ಯದಂತ. ಕೊಳಲು ಹಾಕಿದ್ದು ಕಲಾದ ಸಲುವಾಗಿ ಅಂತ. ನಾ ಫೋನ್ ಕಸಗೊಂಡು ಮರಾಠಿಯಾಗೇ ಕೇಳಿದೆ.

"ಸಾಹೇಬ, ನಮ್ಮವರು ನಿಮಗ ಮೂಕರು ಕಂಡ್ರೇನ್ರೀ?"

"ತಾಯಿ, ಅದು ಒಂದು ಪ್ರತೀಕ..."

"ಪ್ರತೀಕ ನಿಮ್ಮ ಮನ್ಯಾಗ ಇಟಗೋರಿ! ನನಗ ನನ್ನ ಗಂಡನ ಆವಾಜ ಕೊಡ್ರಿ."

ಆಮ್ಯಾಲ "ಮಾಫ್ ಮಾಡ್ರಿ" ಅಂದ, ಫೋನ್ ಇಟ್ಟ. ಆ ದಿನ ಒಲಿ ಹಚ್ಚಲಿಲ್ಲ ನಾ. ಇನ್ನ ಮುಗೀತು, ಅವರು ಎರಡನೇ ಸಲ ಹೋದ್ರು ಅಂತ ಕುಂತೆ.

ಪ್ರಣಿತಾ ಮಾತ್ರ ಮೂಲ್ಯಾಗ ಕುಂತು ಆ ಪಿಚ್ಚರ್ ಮತ್ತ ಹಚ್ಚಿದ್ದಳು. "ಏ, ಸಾಕು ಮಾಡ ಇನ್ನ" ಅಂದೆ. ಆಕಿ ಕೇಳಲಿಲ್ಲ, ಕೊನೀಗಿ ಸರಸರ ಹೆಸರು ಬರ್ತಾವಲ್ಲ, ಯಾರೂ ಓದಂಗಿಲ್ಲ, ಅದನ್ನ ನಿಲ್ಲಿಸಿ ನಿಲ್ಲಿಸಿ ಓದಲತ್ತಿದ್ದಳು. "ಕಾಕು! ಶೂಟಿಂಗದಾಗ ಆವಾಜ ತುಂಬಕೊಂಡಂವ ರವಿಕಾಂತ ಅಂತ. ನಿಲಂಗಾದಂವ!"

ನಿಲಂಗಾ ಏನು ದೂರ? ಮುಂಜಾನಿ ಎದ್ದು ಹಣಿಗಿ ಇಬಟ್ಟಿ ಹಚಗೊಂಡು, ಲಿಂಗಕ್ಕ ಕೈ ಮುಗದು, ಬಸ್ ಹತ್ತಿದೆವು. ದಾರಿ ತುಂಬ ಸೋಯಾಬೀನ್ ರಾಶಿ ನಡದಿತ್ತು. ಪ್ರಣಿತಾ ಏನೇನೋ ಹೇಳಲತ್ತಿದ್ದಳು, ನನಗ ಒಂದೂ ತಲ್ಯಾಗ ಹೋಗಲಿಲ್ಲ. ಅಂವಾನೂ ಅಳಿಸ್ಯಾನ ಅಂದ್ರ ಹೆಂಗ ತಿರುಗಿ ಬರಲಿ ಅಂತ ಒಂದೇ ಫಿಕರ್.

ರವಿಕಾಂತನದು ಮದುವಿ ವಿಡಿಯೋದ ಅಂಗಡಿ. ನಲವತ್ತು ದಾಟಿದ ಆಳು, ಹಣಿ ಮ್ಯಾಲ ಇಬಟ್ಟಿ. ನನ್ನ ನೋಡಿದಂವನೇ ಎದ್ದು ನಿಂತ.

"ನೀವು ಚಾ ತಂದಿದ್ರಿ" ಅಂದ. "ಹಾಲಿಲ್ಲದ ಚಾ."

ಆ ದಿನ ಹೊಲದಾಗ ನಕ್ಕಂವಾ ಇಂವನೇ. ಅಲ್ಲಿ ಬಂದವರಾಗ ಕನ್ನಡ ತಿಳೀತಿದ್ದದ್ದು ಇಂವಗೊಬ್ಬಗೇ ಅಂತ.

"ಆ ಆವಾಜ ಅದ ಏನ್ರೀ?" ಅಂದಳು ಪ್ರಣಿತಾ.

"ಕ್ಯಾಮೆರಾದ್ದು ಅವರ ಹಂತೇಕ. ಆವಾಜ ನನ್ನ ಮಶೀನದಾಗ ಬ್ಯಾರೆ ತುಂಬಿರ್ತದ. ಅವ್ವಾರ, ಅಷ್ಟು ಚೊಲೊ ಮಾತು ನನಗ ಅಳಸ್ಲಿಕ್ಕ ಮನಸಾಗಲಿಲ್ಲ." ಕಂಪ್ಯೂಟರದಾಗ ಹುಡುಕಿದ, ಹುಡುಕೇ ಹುಡುಕಿದ. ಆಮ್ಯಾಲ ಹೆಡ್‌ಫೋನ್ ತೊಡಿಸಲಿಕ್ಕ ಬಂದ.

"ಬ್ಯಾಡ" ಅಂದೆ. "ಎಲ್ಲರಿಗೂ ಕೇಳಂಗ ಹಚ್ಚು."

ಮದಲ ಗಾಳಿ. ಆಮ್ಯಾಲ ಟ್ರ್ಯಾಕ್ಟರ್, ದೂರದಾಗ. ಒಂದು ಕೆಮ್ಮು. ಆ ಕೆಮ್ಮಿಗೇ ನನ್ನ ಜೀವ ಝಲ್ಲಂತು, ಅವರದೇ. ಆ ಸಾಹೇಬ ಮರಾಠಿಯಾಗ ಅಂದದ್ದು ಕೇಳಿಸಿತು: "ಕಾಕಾ, ಆತಾ ಕಾಹೀ ಬೋಲೂ ನಕಾ. ಫಕ್ತ ತಿಕಡೆ ಬಘಾ." ಏನೂ ಮಾತಾಡಬ್ಯಾಡ್ರಿ, ಬರೇ ಆ ಕಡಿ ನೋಡ್ರಿ ಅಂತ! ಇವರು ಎಲ್ಲಿ ಕೇಳ್ತಾರ? ದನಿ ಏರಿಸಿ, ಮದುವಿ ಚಪ್ಪರದಾಗ ನಿಂತಂಗ ಶುರು ಮಾಡಿದ್ರು:

"ಅತ್ತಾಗ ಕರ್ನಾಟಕ, ಇತ್ತಾಗ ಮಹಾರಾಷ್ಟ್ರ, ನಡುವ ಗಡಿ,
ಗಿರಿಜಾ ಚಾ ತಂದು ನಿಂತಾಳ, ಮದಲ ನನ್ನ ಬಿಡಿ!"

ರವಿಕಾಂತನ ನಗಿ. ಸಾಹೇಬ "ಕಾಯ ಮ್ಹಣಾಲೇ?" ಅಂತ, ಏನಂದ್ರು ಅಂತ ಕೇಳಿದ್ದು. ಆಮ್ಯಾಲ ಇವರ ದನಿ, ಈಗ ಸಣ್ಣದು, ರವಿಕಾಂತನ ಬಾಜೂಕ ಬಂದು ಅಂದಂಗ: "ಆಕಿಗಿ ಕೇಳಿಸಿಲ್ಲ ಬಿಡು. ಸಿಟ್ಟಿನ್ಯಾಗ ಅದಾಳ. ಟಿವಿಯಾಗ ಬಂದಾಗ ಕೇಳ್ತಾಳ, ಆಗ ನಗ್ತಾಳ."

ಮತ್ತ ಗಾಳಿ. ಆಮ್ಯಾಲ ಅದೂ ನಿಂತಿತು.

ನಾ ನಗಲಿಲ್ಲ. ನಗಬೇಕಂತ ಭಾಳ ಮಾಡಿದೆ, ಆಗಲಿಲ್ಲ. ರವಿಕಾಂತ ಆ ಕಡಿ ಮಾರಿ ಮಾಡಿದ. ಪ್ರಣಿತಾ ವಹಿ ಮುಚ್ಚಿ ಬಾಜೂಕ ಇಟ್ಟಳು, ಎದ್ದು ಹೋಗಿ ಅಂಗಡಿ ಬಾಗಲಕ್ಕ ಕೈ ಅಡ್ಡ ಹಿಡದು ನಿಂತಳು.

"ಕಾಕು" ಅಂದಳು. "ನಿಮ್ಮ ಪಾಳಿ. ಹೆಸರು ಹೇಳ್ರಿ. ಹೇಳಿದ್ರೇ ಬಿಡತೀನಿ."

ಎಷ್ಟು ದಿನಕ್ಕ ಕೇಳಿದರು ನನಗ ಯಾರಾರೆ! ಅವರು ತಯಾರಾಗಿರು ಅಂದಿದ್ರು. ನಾ ಏನೂ ತಯಾರಿರಲಿಲ್ಲ. ಸೆರಗು ಸರಿ ಮಾಡಕೊಂಡೆ, ಆ ಕಂಪ್ಯೂಟರಿನ ಕಡಿ ಮಾರಿ ಮಾಡಿ, ಬಾಯಿಗಿ ಬಂದದ್ದೇ ಹೇಳಿದೆ:

"ಕೈಯಾಗ ಚಾದ ತಾಟು ಹಿಡದು ಹೊಲದ ತನಕ ಬಂದೀನಿ,
ನಾಗನಾಥ ಬರತಾರ ಅಂತ ಇನ್ನೂ ಅಲ್ಲೇ ನಿಂತೀನಿ."