ಮೇಸ್ತ್ರಿಯ ನೆಲ, ಸಾಹೇಬನ ಕಾಲು

ಬೆಳಿಗ್ಗೆ ಎದ್ದವನೇ ಮೇಸ್ತ್ರಿ ನಡುಮನೆಯಲ್ಲಿ ಹಾಸಿದ್ದ ಗೋಣಿಚೀಲಕ್ಕೆ ಕಾಲು ತೊಡರಿ ಮುಗ್ಗರಿಸಿದ. ಗೋಡೆ ಕೈಗೆ ಸಿಕ್ಕಿದ್ದರಿಂದ ಹಲ್ಲು ಉಳಿದವು.

"ನಾಯಿದು ಒಂದು ಕಾಲು ಹೋಗಿದ್ದು ಸಾಲದು ಅಂತ ನನ್ನವೆರಡನ್ನೂ ಮುರಿಸ್ಬೇಕು ಅಂತಿದೀರೇನೋ!" ಎಂದು ಕೂಗಿದ.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಬೆಳಬೆಳಿಗ್ಗೇನೇ ಶುರುವಾಯ್ತಾ? ಕೆಳಗೆ ನೋಡ್ಕೊಂಡು ನಡೀರಿ."

"ಕೆಳಗೆ ನೋಡೋಕೆ ಏನು ಉಳಿಸಿದೀರಿ? ಗೋಣಿ, ಚಾಪೆ, ಹರಕು ಕಂಬಳಿ! ಇದು ಮನೆಯೋ ಗುಜರಿ ಅಂಗಡಿಯೋ?"

ಅವನ ಹೊಟ್ಟೆ ಸುಮ್ಮಸುಮ್ಮನೆ ಉರಿಯುತ್ತಿರಲಿಲ್ಲ. ಆ ಹರಕುಗಳ ಅಡಿಯಲ್ಲಿ ಮುಚ್ಚಿಹೋಗಿದ್ದುದು ಅವನ ನೆಲ. ಮಾರ್ಬಲ್ ಹಾಸಿ ಪಾಲಿಶ್ ಮಾಡುವುದು ಅವನ ಕಸುಬು. ಯಾರ್ಯಾರದೋ ಮನೆಗಳಲ್ಲಿ ಮಿಕ್ಕ ತುಂಡುಗಳನ್ನು ವರ್ಷಗಟ್ಟಲೆ ಹೊತ್ತು ತಂದು, ಬಣ್ಣಕ್ಕೆ ಬಣ್ಣ, ಗೆರೆಗೆ ಗೆರೆ ಕೂಡಿಸಿ, ಒಂದು ಕಲ್ಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಉಗುರಿಗೂ ಗೊತ್ತಾಗದ ಹಾಗೆ ಹಾಸಿದ್ದ. ಆಮೇಲೆ ಮಿಷನ್ನಿಗೆ ಒರಟು ಉಜ್ಜುಗಲ್ಲು ಕಟ್ಟಿ ಶುರುಮಾಡಿ ನುಣುಪು ಕಲ್ಲಿನವರೆಗೆ ಓಡಿಸಿ, ಕೊನೆಗೆ ಪಾಲಿಶ್ ಪುಡಿ ಹಾಕಿ ತಿಕ್ಕಿದಾಗ ಬಂದ ಹೊಳಪನ್ನು ನೋಡಿ ತಾನೇ ಬೆರಗಾಗಿದ್ದ. "ಗಡ್ಡ ಕೆರ್ಕೊಳ್ಳೋಕೆ ನಮ್ಮನೇಲಿ ಕನ್ನಡಿ ಬೇಡ, ಬಗ್ಗಿದ್ರೆ ಸಾಕು" ಎನ್ನುವುದು ಅವನ ಹಳೆಯ ಜೋಕು. ಹೊಸಮನೆ ಕಟ್ಟಿಸುವವರು ಬಂದರೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಮುಂಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ನೆಲವೇ ಕೆಲಸ ಕುದುರಿಸುತ್ತಿತ್ತು.

ಆ ನೆಲದ ನಟ್ಟನಡುವೆ ಮಲಗುತ್ತಿದ್ದವನು ಸಾಹೇಬ. ಮಗಳು ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ನಾಯಿಮರಿ, ಬೆಳೆದ ಮೇಲೆ ಗತ್ತೇ ಗತ್ತು. ಯಾರು ಬಂದರೂ ಎದ್ದು ಬಾಗಿಲಿಗೆ ಹೋಗಿ, ಮೂಸಿ, ಒಪ್ಪಿಗೆಯಾದರೆ ಮಾತ್ರ ಒಳಗೆ ಬಿಡುತ್ತಿದ್ದ. ಅದಕ್ಕೇ ಆ ಹೆಸರು.

ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುವಾಗ ಸಾಹೇಬನ ಎಡ ಹಿಂಗಾಲನ್ನು ಜಜ್ಜಿಹಾಕಿತು. ದನದಾಸ್ಪತ್ರೆಯ ಡಾಕ್ಟರಮ್ಮ ತೊಡೆಯ ಬುಡದಿಂದಲೇ ಕಾಲು ತೆಗೆಯಬೇಕಾಯಿತು. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮೇಸ್ತ್ರಿ ಅತ್ತದ್ದನ್ನು ಮನೆಯವರೆಲ್ಲ ನೋಡಿದ್ದರು. ಅಳು ಬೇಗ ಮುಗಿಯಿತು, ಪೀಕಲಾಟ ಮುಗಿಯಲಿಲ್ಲ. ಗಾಯವೇನೋ ಮಾಯಿತು, ಹೊಲಿಗೆ ಬಿಚ್ಚಿದರು, ಬೋಳಿಸಿದ ಜಾಗದಲ್ಲಿ ಕೂದಲೂ ಬಂತು. ಹಿತ್ತಲಿನ ಮಣ್ಣಿಗೆ ಬಿಟ್ಟರೆ ಸಾಹೇಬ ಕುಪ್ಪಳಿಸಿಕೊಂಡು ಓಡಿ ಪಕ್ಕದ ಮನೆಯ ಬೆಕ್ಕನ್ನು ಗೋಡೆ ಹತ್ತಿಸಿ ಬರುತ್ತಿದ್ದ. ಮನೆಯೊಳಗೆ ಬಂದರೆ ಮಾತ್ರ ಕಥೆ ಮುಗಿಯಿತು. ಉಳಿದೊಂದು ಹಿಂಗಾಲು ಪಕ್ಕಕ್ಕೆ ಸರ್ರನೆ ಜಾರಿ ದೊಪ್ಪೆಂದು ಬೀಳುತ್ತಿದ್ದ.

ಮಾಡದ ಉಪಾಯವಿಲ್ಲ. ಮಗಳು ರಬ್ಬರ್ ಚುಕ್ಕಿಯ ಕಾಲುಚೀಲ ತಂದಳು. ಸಾಹೇಬ ಒಂದನ್ನು ಕಚ್ಚಿ ಹರಿದ, ಇನ್ನೊಂದನ್ನು ಅರ್ಧ ನುಂಗಿದ. ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿದು ನಡೆಸಿ ಅಂದರು ಡಾಕ್ಟರಮ್ಮ. ಮೇಸ್ತ್ರಿ ಹಿಡಿದರೆ ಸಾಹೇಬರು ಮೈಭಾರವನ್ನೆಲ್ಲ ಟವೆಲ್ಲಿಗೇ ಬಿಟ್ಟು ಆರಾಮಾಗಿ ನೇತಾಡಿದರು, ಇವನ ಸೊಂಟ ಹಿಡಿದುಕೊಂಡಿತು. ಚಾಪೆ ಹಾಸಿದರೆ ಆ ನುಣುಪಿನ ಮೇಲೆ ಚಾಪೆಯೂ ನಾಯಿಯೂ ಜೊತೆಯಾಗಿ ಜಾರಿದವು. ಗಮ್ಮು ಹಾಕಿ ರಬ್ಬರ್ ಶೀಟು ಅಂಟಿಸೋಣವೇ ಎಂದು ಹೆಂಡತಿ ಕೇಳಿದಳು. "ಗಮ್ಮಾ? ನನ್ನ ನೆಲಕ್ಕೆ ಗಮ್ಮಾ?" ಎಂದು ಅವನು ಊಟ ಬಿಟ್ಟು ಎದ್ದಿದ್ದ.

ಹೋದ ವಾರ ಡಾಕ್ಟರಮ್ಮ ಉಳಿದ ಕಾಲಿನ ಮಂಡಿ ಒತ್ತಿ ನೋಡಿ ಮುಖ ಗಂಟು ಹಾಕಿಕೊಂಡರು. "ಇನ್ನೂ ಜಾರ್ತಿದೆಯಾ? ಒಂದು ಸಲ ಜೋರಾಗಿ ಜಾರಿದ್ರೆ ಮಂಡಿ ಒಳಗೆ ಮೂಳೆ ಹಿಡ್ಕೊಂಡಿರೋ ಕಟ್ಟು ಹರಿದುಹೋಗುತ್ತೆ. ಹಿಂದುಗಡೆ ಇರೋದು ಇದೊಂದೇ ಕಾಲು, ಮೇಸ್ತ್ರಿ. ಇದೂ ಹೋದ್ರೆ ನಾನೇನೂ ಮಾಡೋಕಾಗಲ್ಲ."

ಮನೆಗೆ ಬಂದವನೇ ಮೇಸ್ತ್ರಿ ತೀರ್ಮಾನ ಹೇಳಿದ್ದ. "ಹಿತ್ತಲ ಶೆಡ್ಡಲ್ಲಿ ಇರ್ಲಿ. ಮಣ್ಣಿನ ನೆಲ, ಅವನಿಗೂ ಒಳ್ಳೇದು, ನೆಲಾನೂ ಹಾಳಾಗಲ್ಲ."

ಮಗಳು ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಸಾಹೇಬ ಶೆಡ್ಡಿನಲ್ಲಿ ಗಂಟಲು ಕಟ್ಟುವವರೆಗೆ ಊಳಿಟ್ಟ. ಬಾಗಿಲು ತೆರೆದರೆ ಸಾಕು, ಬೀಳುತ್ತ ಏಳುತ್ತ ನಡುಮನೆಗೇ ಬರುತ್ತಿದ್ದ. ಅವನ ದಾರಿಗೆಂದು ತಾಯಿ ಮಗಳು ಗೋಣಿ, ಚಾಪೆ, ಕಂಬಳಿ ಹಾಸಿಯೇ ಇಡುತ್ತಿದ್ದರು. ಬಿದ್ದಾಗಲೆಲ್ಲ ಮೇಸ್ತ್ರಿಯ ಮೈ ಉರಿಯುತ್ತಿತ್ತು. ಸಿಟ್ಟು ನಾಯಿಯ ಮೇಲೋ, ಟ್ಯಾಂಕರಿನವನ ಮೇಲೋ, ತನ್ನ ಮೇಲೋ ಅವನಿಗೇ ತಿಳಿಯುತ್ತಿರಲಿಲ್ಲ. ಕೈಗೆ ಸಿಕ್ಕವರ ಮೇಲೆ ಹರಿಹಾಯುತ್ತಿದ್ದ.

ಇವತ್ತು ವಕೀಲರೊಬ್ಬರು ನೆಲ ನೋಡಲು ಬರುವವರಿದ್ದರು. ಮಗಳು ಕಾಲೇಜಿಗೆ, ಹೆಂಡತಿ ಅಂಗಡಿಗೆ ಹೋಗುವುದನ್ನೇ ಕಾದು ಮೇಸ್ತ್ರಿ ಸಾಹೇಬನನ್ನು ಶೆಡ್ಡಿಗೆ ನೂಕಿ ಚಿಲಕ ಹಾಕಿದ. ಗೋಣಿ, ಚಾಪೆಗಳನ್ನೆಲ್ಲ ಬಾಚಿ ಮೂಲೆಗೆಸೆದ. ಒದ್ದೆ ಬಟ್ಟೆಯಲ್ಲಿ ಒರೆಸಿದ. ನೆಲ ಮತ್ತೆ ಥಳಥಳ ಅಂತು. ಎಷ್ಟೋ ದಿನದ ಮೇಲೆ ಅವನ ಮುಖದ ಗಂಟು ಸಡಿಲವಾಯಿತು.

ವಕೀಲರು ಬಾಗಿಲಲ್ಲೇ ನಿಂತರು. "ಅಬ್ಬಬ್ಬಾ! ಚಪ್ಪಲಿ ಬಿಟ್ರೂ ಕಾಲಿಡೋಕೆ ಮನಸ್ಸು ಬರಲ್ವಲ್ರೀ!"

ಮೇಸ್ತ್ರಿ ಪಕ್ಕಕ್ಕೆ ಸರಿದು ನಿಂತ. ಅಷ್ಟರಲ್ಲಿ ಹಿತ್ತಲಲ್ಲಿ ಶೆಡ್ಡಿನ ಬಾಗಿಲಿಗೆ ಗುದ್ದಿದ, ಚಿಲಕ ಕಳಚಿದ ಸದ್ದಾಯಿತು. ಹೊಸ ದನಿ ಕೇಳಿದ ಸಾಹೇಬ ಸುಮ್ಮನಿರುವ ಪೈಕಿಯೇ? ಅಡುಗೆಮನೆ ದಾಟಿ ಭರ್ರನೆ ಬಂದ. ನಡುಮನೆಯ ಅಂಚಿನಲ್ಲಿ ಕಾಲು ಜಾರಿತು. ಗದ್ದ ಕಲ್ಲಿಗೆ ಬಡಿಯಿತು. ಎದ್ದ, ಮತ್ತೆ ಬಿದ್ದ. ಮುಂಗಾಲುಗಳಿಂದ ಕೆರೆಯುತ್ತ ಒಂದಿಷ್ಟು ದೂರ ತೆವಳಿದ. ಆಮೇಲೆ ನಿಲ್ಲಿಸಿಬಿಟ್ಟ. ಅವನ ಹೊಟ್ಟೆಯಡಿಯಿಂದ ಉಚ್ಚೆ ಹರಿದು ಹೊಳೆಯುವ ಕಲ್ಲಿನ ಮೇಲೆ ಹರಡಿತು. ಅವನು ಬಂದವರ ಕಡೆ ನೋಡದೆ ತಲೆ ಆಚೆ ತಿರುಗಿಸಿಕೊಂಡ.

"ಥೂ ಥೂ, ಆಚೆ ಎಳ್ಕೊಂಡು ಹೋಗ್ರೀ," ಅಂದರು ವಕೀಲರು. "ಅಂಥಾ ನೆಲ ಹಾಳಾಗುತ್ತೆ."

ಅದೇ ಮಾತನ್ನು ತಾನೂ ಆಡಿದ್ದೆ ಎಂಬುದು ಮೇಸ್ತ್ರಿಗೆ ಚುರ್ರೆಂದು ನೆನಪಾಯಿತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಅಸಹ್ಯವಾಗಿತ್ತು!

"ನೀವು ಇನ್ನೊಂದಿನ ಬನ್ನಿ, ಸಾರ್."

"ಅಲ್ಲ, ಕೆಲಸದ ಮಾತು..."

"ಇನ್ನೊಂದಿನ ಅಂದ್ನಲ್ಲ!" ಎಂದು ಗದರಿ, ಅವರ ಮುಖದೆದುರೇ ಬಾಗಿಲು ಹಾಕಿದ.

ಒದ್ದೆಯಲ್ಲೇ ಕೂತು ಸಾಹೇಬನ ಮಂಡಿ ಒತ್ತಿ ನೋಡಿದ. ಕಾಲನ್ನು ಮಡಚಿದ, ನೀಡಿದ. ಸಾಹೇಬ ಕಾಲು ಎಳೆದುಕೊಂಡು ಅವನ ಕೈ ನೆಕ್ಕಿದ. ಕಾಲು ಹೋಗಿರಲಿಲ್ಲ. ಈ ಸಲ ಹೋಗಿರಲಿಲ್ಲ, ಅಷ್ಟೇ.

"ಹಾಳಾದವನೇ! ಹಟಮಾರಿ! ಶೆಡ್ಡಲ್ಲಿ ಬಿದ್ದಿರೋಕೆ ನಿನಗೇನೋ ರೋಗ?" ಎಂದು ಬೈಯುತ್ತಲೇ ಅವನ ಮೈ ಒರೆಸಿ, ಎತ್ತಿಕೊಂಡು ಹೋಗಿ ಹಿತ್ತಲ ಬಿಸಿಲಲ್ಲಿ ಮಲಗಿಸಿದ. ಬರುವಾಗ ಶೆಡ್ಡಿನಿಂದ ಪಾಲಿಶ್ ಮಿಷನ್ ಎಳೆದುಕೊಂಡು ಬಂದ.

ಹೆಂಡತಿ, ಮಗಳು ಇಬ್ಬರೂ ಬೀದಿಬಾಗಿಲಿಗೆ ಬಂದಾಗ ಹೊಸ್ತಿಲ ಕೆಳಗಿನಿಂದ ಹಾಲಿನಂಥ ಕೆಸರುನೀರು ಮೆಟ್ಟಿಲಿಗೆ ಇಳಿಯುತ್ತಿತ್ತು. ಒಳಗೆ ಮಿಷನ್ನಿನ ಅಬ್ಬರ. ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡ ಮೇಸ್ತ್ರಿ ಮಿಷನ್ನಿಗೆ ಅತಿ ಒರಟು ಉಜ್ಜುಗಲ್ಲು ಕಟ್ಟಿ ತನ್ನ ನೆಲವನ್ನೇ ಉಜ್ಜುತ್ತಿದ್ದ. ಮಿಷನ್ ಹೋದಲ್ಲೆಲ್ಲ ಹೊಳಪು ಸತ್ತು ಬೂದಿಬಣ್ಣವಾಗುತ್ತಿತ್ತು.

"ಅಯ್ಯೋ, ನಿಮಗೇನು ತಲೆ ಕೆಟ್ಟಿದೆಯೇನ್ರೀ?" ಹೆಂಡತಿ ಬಾಯಿಬಡಿದುಕೊಂಡಳು.

"ಕೆಟ್ಟಿದೆ. ಬಕೆಟ್ ತಗೊಂಬಾ."

ಮಗಳು ಮಾತಾಡದೆ ಪೊರಕೆ ಹಿಡಿದು ಕೆಸರು ಹೊರಗೆ ತಳ್ಳತೊಡಗಿದಳು. ಮೇಸ್ತ್ರಿ ಮೂಲೆ ಬಿಡದೆ ಉಜ್ಜಿದ, ಉಜ್ಜಿದಷ್ಟು ಹೊತ್ತೂ ನಾಯಿಯನ್ನು ಬೈದ. ಮುಂಬಾಗಿಲ ಬಳಿ ಚಾಪೆಯಗಲದ ಜಾಗ ಉಳಿದಾಗ ಸ್ವಿಚ್ ಆರಿಸಿದ.

"ಅಪ್ಪ, ಇಲ್ಲಿ?" ಒಂದು ವಾರದ ಮೇಲೆ ಮಗಳು ಮಾತಾಡಿದ್ದಳು.

"ಅಷ್ಟಿರ್ಲಿ. ಬಂದೋರಿಗೆ ತೋರಿಸೋಕಾದ್ರೂ ಬೇಡ್ವಾ?" ಎಂದು ಆ ತುಂಡಿನ ಮೇಲಿದ್ದ ಕೆಸರು ಒರೆಸಿದ.

ನೆಲ ತೊಳೆದು ಆರಿದ ಮೇಲೆ ಸಾಹೇಬನನ್ನು ಒಳಗೆ ಬಿಟ್ಟರು. ಅವನು ಅಂಚಿನಲ್ಲಿ ನಿಂತು ಮೂಸಿದ. ಒಂದು ಕಾಲಿಟ್ಟ, ಕಾದ, ಇನ್ನೊಂದಿಟ್ಟ. ಹಿಂಗಾಲು ಜಾರದೆ ಊರಿ ನಿಂತಿತು. ಅಷ್ಟೇ ಸಾಕಾಯಿತು, ಕುಪ್ಪಳಿಸುತ್ತ ನಡುಮನೆಯನ್ನು ಉದ್ದಕ್ಕೂ ದಾಟಿದ. ಹೆಂಡತಿ ಕಣ್ಣೊರೆಸಿಕೊಂಡಳು. ಸಾಹೇಬ ನೇರ ಮುಂಬಾಗಿಲ ಕಡೆಗೆ, ಬಂದವರನ್ನು ಮೂಸುವ ತನ್ನ ಜಾಗಕ್ಕೆ ಹೊರಟಿದ್ದ.

ಹೊಳೆಯುವ ತುಂಡಿನ ಅಂಚಿನಲ್ಲಿ ಗಕ್ಕನೆ ನಿಂತ. ಮುಂಗಾಲು ಚಾಚಿ ಮುಟ್ಟಿದ, ಹಿಂದಕ್ಕೆಳೆದುಕೊಂಡ. ಅಲ್ಲೇ ಕೂತು, ಕತ್ತು ತಿರುಗಿಸಿ ಮೇಸ್ತ್ರಿಯನ್ನು ನೋಡಿದ.

"ನನ್ನನ್ನೇನೋ ನೋಡ್ತೀಯ? ಮಿಕ್ಕಿದ್ದೆಲ್ಲ ನಿಂಗೇ ಕೊಟ್ಟಿಲ್ವಾ?"

ಸಾಹೇಬ ಕದಲಲಿಲ್ಲ. ಮೇಸ್ತ್ರಿ ಹೋಗಿ ಆ ತುಂಡಿನ ಮೇಲೆ ಕೂತು, ಅಂಗೈಯಿಂದ ಒಂದು ಸಲ ಸವರಿದ. ಆಮೇಲೆ ಎದ್ದು ಮಿಷನ್ನಿನ ಹಿಡಿ ಹಿಡಿದುಕೊಂಡ.

"ನಾಳೆಯಿಂದ ಗಡ್ಡ ಕನ್ನಡೀಲೇ ಕೆರ್ಕೋತೀನಿ," ಎಂದು ಗೊಣಗಿದ. "ಪ್ಲಗ್ ಹಾಕಮ್ಮ."