ಹೊಳಪು ಬಂದ ನಾಣ್ಯ

ಮರ್ಲ್ ಭೂತಗನ್ನಡಿ ಕೆಳಗಿಟ್ಟು ಕನ್ನಡಕ ಒರೆಸತೊಡಗಿದ. ರೆಡಿಂಗ್ ಊರಿನಲ್ಲಿ ಹಳೆಯ ನಾಣ್ಯಗಳ ಅಂಗಡಿ ಇಟ್ಟುಕೊಂಡೇ ಮುದುಕನಾದವನು. ಕೆಟ್ಟ ಸುದ್ದಿ ಹೇಳುವ ಮೊದಲು ಅವನು ಹೀಗೆ ಮಾಡುವುದು ವರ್ನಾಗೆ ಗೊತ್ತಿತ್ತು.

"ಇದನ್ನ ಯಾರು ಉಜ್ಜಿದ್ದು?"

ನಿನ್ನೆಯಿಂದ ಸಿಟ್ಟು ಮಾಡಿ ಮಾಡಿ ವರ್ನಾಗೆ ಸುಸ್ತಾಗಿತ್ತು.

೧೭೯೫ರ ಐದು ಡಾಲರಿನ ಚಿನ್ನದ ನಾಣ್ಯ ಅದು, ದೇಶ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಚ್ಚಾದದ್ದು. ಅವಳ ಗಂಡ ಲೋವೆಲ್ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದ. ಅಂಚು ಬಿಟ್ಟು ಬೇರೆಲ್ಲೂ ಬೆರಳು ಸೋಕುವಂತಿಲ್ಲ. ಎಂಜಲು ಸಿಡಿದೀತೆಂದು ಅದರ ಮುಂದೆ ಬಾಯಿ ಬಿಡುವಂತೆಯೂ ಇಲ್ಲ. ಇನ್ನೂರು ವರ್ಷದಲ್ಲಿ ಕವಿದ ಮಂಕು ಬಣ್ಣಕ್ಕೇ ಬೆಲೆ, ಅದು ಹೋದರೆ ಉಳಿಯುವುದು ಬರೀ ಬಂಗಾರ. "ಹೊಳೆಯದ ಬಂಗಾರ ಇಟ್ಕೊಂಡು ಏನ್ ಮಾಡ್ತೀಯೋ" ಎಂದು ವರ್ನಾ ಛೇಡಿಸಿದಾಗಲೆಲ್ಲ ಅವನು ನಕ್ಕುಬಿಡುತ್ತಿದ್ದ.

ಈಗ ಲೋವೆಲ್‌ಗೆ ಮರೆವಿನ ಕಾಯಿಲೆ. ವೃದ್ಧರ ಆರೈಕೆ ಮನೆಯಲ್ಲಿ ತೋಟದ ಕಡೆಯ ಕೋಣೆ ಅವನದು. ಕಿಟಕಿಯಲ್ಲಿ ಹಕ್ಕಿ ಕಂಡರೆ ಉಣ್ಣುತ್ತಾನೆ, ಇಲ್ಲದಿದ್ದರೆ ತಟ್ಟೆ ತಳ್ಳುತ್ತಾನೆ. ಆ ಕೋಣೆಯ ಖರ್ಚಿಗೆ ಉಳಿದಿದ್ದುದು ಈ ನಾಣ್ಯ ಒಂದೇ. ಮಾರುವ ಮುಂಚೆ ಒಮ್ಮೆ ಅವನ ಕೈಗೆ ಕೊಡೋಣವೆಂದು ನಿನ್ನೆ ಒಯ್ದಿದ್ದಳು. ಅವಳು ಕಾಫಿ ತರುವಷ್ಟರಲ್ಲಿ ಅವನು ಟೂತ್‌ಪೇಸ್ಟ್ ಹಚ್ಚಿ, ಅಂಗಿಯ ತುದಿಯಿಂದ ತಿಕ್ಕಿ ತಿಕ್ಕಿ ಥಳಥಳ ಮಾಡಿಟ್ಟಿದ್ದ.

"ನಾನೇ ಉಜ್ಜಿದ್ದು," ಎಂದಳು ವರ್ನಾ.

ಮರ್ಲ್ ನಂಬಲಿಲ್ಲ, ಕೆದಕಲೂ ಇಲ್ಲ. "ಮೈಯೆಲ್ಲ ಗೆರೆ ಎದ್ದಿದೆ ವರ್ನಾ. ಇನ್ನು ಸಂಗ್ರಹ ಮಾಡೋರು ಇದನ್ನ ಮೂಸಿನೂ ನೋಡಲ್ಲ. ಮುಂಚಿನ ಹಾಗೇ ಇದ್ದಿದ್ರೆ ಲೋವೆಲ್ ಇರೋವರೆಗೂ ಆ ಕೋಣೆ ಅವನದೇ ಆಗಿರ್ತಿತ್ತು."

"ಈಗ?"

"ಈಸ್ಟರ್ ಹಬ್ಬದವರೆಗೆ, ಇನ್ನೊಂದೆರಡು ತಿಂಗಳಿಗೆ ಆಗಬಹುದು. ಆಮೇಲೆ ನಂಗೊತ್ತಿಲ್ಲ."

"ತಗೊಂಡ್ಬಿಡಿ," ಎಂದಳು. ಚೌಕಾಸಿಗೂ ಅವಳಲ್ಲಿ ತ್ರಾಣ ಇರಲಿಲ್ಲ.

ಸಂಜೆ ಹೋದಾಗ ಲೋವೆಲ್ ಸೂಪು ಮುಟ್ಟದೆ ಕೂತಿದ್ದ. ಅವಳನ್ನು ನೋಡಿ, ಯಾರೋ ದಾದಿ ಎಂದುಕೊಂಡು, ದನಿ ತಗ್ಗಿಸಿದ.

"ಏನಮ್ಮ, ನನ್ನ ಹೆಂಡ್ತಿ ಬಂದಿದ್ಲಾ? ನನ್ನ ನಾಣ್ಯ ಹೊಳೆಯಲ್ಲ ಅಂತ ಜೀವಮಾನ ಪೂರ್ತಿ ಆಡ್ಕೊಂಡ್ಲು. ಅದಕ್ಕೇ ಚೆನ್ನಾಗಿ ಉಜ್ಜಿ ಇಟ್ಟಿದ್ದೆ. ನೋಡಿದ್ಲಾ?"

ನಿನ್ನೆಯಿಂದ ಹೊತ್ತುಕೊಂಡಿದ್ದ ಸಿಟ್ಟನ್ನು ಯಾರ ಮೇಲೆ ಇಳಿಸಬೇಕೋ ಈಗ ವರ್ನಾಗೆ ತಿಳಿಯಲಿಲ್ಲ.

"ನೋಡಿದ್ಲು," ಎಂದಳು. "ತುಂಬಾ ಖುಷಿಪಟ್ಲು."

ಲೋವೆಲ್ ತಲೆಯಾಡಿಸಿದ. ಕಿಟಕಿಯಾಚೆ ಕತ್ತಲಾಗಿ ಒಂದು ಹಕ್ಕಿಯೂ ಇರಲಿಲ್ಲ. ಆದರೂ ಸೂಪಿನ ಬಟ್ಟಲು ಹತ್ತಿರ ಎಳೆದುಕೊಂಡ.