ಎರಡು ಕೈಗಳ ಬೀಗ

ನಾನು ಒಂದು ಬೀಗ. ಇಬ್ಬರು ಒಬ್ಬರನ್ನೊಬ್ಬರು ನಂಬಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ.

ಬಸರೂರಿನ ಕಂಚುಗಾರರ ಕೇರಿಯಲ್ಲಿ ಕೇತೋಜ ಎಂಬವನ ಕುಲುಮೆಯಲ್ಲಿ ನನ್ನ ಮೈ ಕೂಡಿತು. ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ಹೊದಿಕೆ. ಎಲ್ಲ ಬೀಗಗಳಿಗೆ ಒಂದು ಕಂಡಿ ಇದ್ದರೆ ನನಗೆ ಎರಡು. ಒಂದಕ್ಕೆ ಒಂದು ಬೀಗದ ಕೈ, ಇನ್ನೊಂದಕ್ಕೆ ಬೇರೆಯೇ ಕೈ. ಎರಡನ್ನೂ ಕೂಡಿಯೇ ತಿರುಗಿಸಬೇಕು. ಒಂದು ಕೈ ಎಷ್ಟು ತಿರುಗಿದರೂ ನನ್ನ ನಾಲಿಗೆ ಅಲುಗುವುದಿಲ್ಲ.

ನನ್ನನ್ನು ಮಾಡಿಸಿದವರು ಇಬ್ಬರು. ಒಬ್ಬರು ಪಾಯಣ್ಣ ಸೆಟ್ಟರು, ಊರಿನ ಬಸದಿಗೆ ದೀಪದೆಣ್ಣೆ ಕೊಡುವ ಜೈನ ವರ್ತಕರು. ಇನ್ನೊಬ್ಬರು ಮಸೂದ್ ನಾಖುದಾ, ಹೋರ್ಮುಜಿನಿಂದ ಹಡಗು ತರುವವರು. ಕಡಲಾಚೆಯಿಂದ ಬಂದು ನೆಲೆಸಿದ ಮುಸಲ್ಮಾನ ವರ್ತಕರ ಕೂಟಕ್ಕೆ ನಮ್ಮೂರಿನಲ್ಲಿ ಹಂಜಮಾನ ಎಂದು ಹೆಸರು. ನಾಖುದಾ ಆ ಹಂಜಮಾನದ ದೊಡ್ಡ ಕುಳ. ಸೆಟ್ಟರು ಸುತ್ತಲಿನ ಗದ್ದೆಗಳ ಅಕ್ಕಿ ಕೊಂಡು ಬೈಹುಲ್ಲಿನಲ್ಲಿ ಮುಡಿ ಕಟ್ಟಿಸುವುದು, ನಾಖುದಾ ಅದನ್ನು ಕಡಲು ದಾಟಿಸಿ ಖರ್ಜೂರ, ಕುದುರೆ ತರುವುದು. ಹೀಗೆ ಬಹಳ ಕಾಲದಿಂದ ಇಬ್ಬರ ಪಾಲುದಾರಿಕೆ ನಡೆದಿತ್ತು. ಹೊಳೆದಂಡೆಯ ಉಗ್ರಾಣ ಇಬ್ಬರಿಗೂ ಸೇರಿದ್ದು. ಒಂದು ವರ್ಷ ಅಲ್ಲಿಟ್ಟ ಮುಡಿಗಳು ಕಡಿಮೆ ಬಂದವು. ಇಲಿ ತಿಂದಿತೋ, ಆಳುಗಳು ಒಯ್ದರೋ, ತಿಳಿಯಲಿಲ್ಲ. ಸೆಟ್ಟರು ನಾಖುದಾರ ಮುಖ ನೋಡಿದರು. ನಾಖುದಾ ಸೆಟ್ಟರ ಮುಖ ನೋಡಿದರು. ಮಾರನೆಯ ವಾರ ಇಬ್ಬರೂ ಕೂಡಿ ಕೇತೋಜನ ಕುಲುಮೆಗೆ ಬಂದರು.

ನಾನು ತಯಾರಾದ ದಿನ ಅವರ ಅನುಮಾನ ಕೇತೋಜನ ಮೇಲೆ ತಿರುಗಿತು. ಮೂರನೆಯ ಕೈ ಒಂದನ್ನು ಮಾಡಿಟ್ಟುಕೊಂಡಿಲ್ಲ ಎಂದು ಅವನಿಂದ ಕಾಳಿಕಾಂಬೆಯ ಮುಂದೆ ಆಣೆ ಹಾಕಿಸಿದರು. ಅಚ್ಚುಗಳನ್ನು ಕಣ್ಣೆದುರೇ ಒಡೆಸಿದರು. ಅವನು ಆಣೆ ಹಾಕಿದ, ಅಚ್ಚು ಒಡೆದ. ಆದರೂ ಆಮೇಲೆ ಪೇಟೆಯಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಿ ಏನು ಕಾಣೆಯಾದರೂ ಜನ ಅವನ ಕೇರಿಯ ಕಡೆ ನೋಡುತ್ತಿದ್ದರು. ಕೊನೆಗೊಂದು ದಿನ ಅವನು ತಿದಿ, ಸುತ್ತಿಗೆಗಳನ್ನು ಎತ್ತಿನ ಮೇಲೆ ಹೇರಿಕೊಂಡು ಹೆಂಡತಿ ಮಕ್ಕಳೊಂದಿಗೆ ಘಟ್ಟ ಹತ್ತಿದನಂತೆ. ಒಳ್ಳೆಯ ಬೀಗ ಮಾಡಿದ್ದೇ ಅವನ ತಪ್ಪಾಯಿತು.

ಉಗ್ರಾಣದ ಬಾಗಿಲಿಗೆ ನನ್ನನ್ನು ಹಾಕಿದ ಮೊದಲ ವಾರವೇ ಸೆಟ್ಟರು ಒಬ್ಬರೇ ಬಂದರು. ಮಧ್ಯಾಹ್ನ, ದಂಡೆಯಲ್ಲಿ ಯಾರೂ ಇಲ್ಲದ ಹೊತ್ತು. ತಮ್ಮ ಕೈಯನ್ನು ಹಾಕಿ ತಿರುಗಿಸಿದರು. ನಾನು ತೆರೆಯಲಿಲ್ಲ. ಅವರ ಮುಖದಲ್ಲಿ ಸಮಾಧಾನ ಕಂಡಿತು. ಎರಡು ದಿನ ಬಿಟ್ಟು ನಾಖುದಾ ಬಂದರು. ಅವರೂ ಹಾಗೆಯೇ ತಿರುಗಿಸಿ ನೋಡಿ ಗಡ್ಡ ನೀವಿಕೊಂಡು ಹೋದರು. ಇಬ್ಬರೂ ನನ್ನನ್ನು ಪರೀಕ್ಷಿಸಲು ಬಂದರೋ, ನಾನು ತೆರೆದಿದ್ದರೆ ಒಳಗೆ ಹೋಗುತ್ತಿದ್ದರೋ, ನನಗೆ ಇಂದಿಗೂ ತಿಳಿಯದು. ನನ್ನ ಹುಟ್ಟೇ ಅಂಥದ್ದು, ಒಳ್ಳೆಯ ಯೋಚನೆ ನನಗೆ ಬೇಗ ಬರುವುದಿಲ್ಲ.

ಕೆಲವು ವರ್ಷ ಎಲ್ಲ ನೆಟ್ಟಗೆ ನಡೆಯಿತು. ಹಡಗು ಬಂದಾಗ ಇಬ್ಬರೂ ಬರುವರು, ಎರಡು ಕೈಗಳನ್ನೂ ಹಾಕುವರು, ಬಾಗಿಲು ತೆರೆಯುವುದು. ಹಾಕುವಾಗಲೂ ಹಾಗೆಯೇ. ಬಾಗಿಲ ಎರಡೂ ಪಕ್ಕ ನಿಂತು ಒಬ್ಬರು ಇನ್ನೊಬ್ಬರ ಬೆರಳುಗಳನ್ನು ನೋಡುತ್ತಿದ್ದರು.

ಆ ವರ್ಷ ನಾಖುದಾ ಮಾಘ ಮಾಸದಲ್ಲಿ ಹೋರ್ಮುಜಿಗೆ ಹೊರಟರು. ಮಳೆ ಕಳೆದ ಮೇಲೆ ಬರುತ್ತೇನೆ ಎಂದರು. ಉಗ್ರಾಣದ ತುಂಬ ಅಕ್ಕಿಮುಡಿ ಪೇರಿಸಿಟ್ಟಿತ್ತು, ಅವರು ಮರಳಿ ಬಂದು ಹಡಗಿಗೆ ತುಂಬಬೇಕಾದ ಅಕ್ಕಿ. ತಮ್ಮ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಹಡಗು ಹತ್ತಿದ್ದಾರೆ ಎಂದು ದಂಡೆಯ ಜನ ಹೇಳಿದರು.

ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಹೊಳೆ ಉಕ್ಕಿತು. ಕಡಲ ಕಡೆಯ ಮಣ್ಣಿನ ಕಟ್ಟು ಒಡೆದು ಉಪ್ಪುನೀರು ಗದ್ದೆಗಳಿಗೆ ನುಗ್ಗಿತು. ನೆಟ್ಟ ಸಸಿಯೆಲ್ಲ ಕೊಳೆತುಹೋಯಿತು. ಮನೆಮನೆಯ ಕಣಜ ತಳ ಕಂಡಿತು. ದೋಣಿ ಇಳಿಸುವಂತಿಲ್ಲ, ಮೀನಿಲ್ಲ. ಜನ ಕೆಸುವಿನ ಎಲೆ, ಗೆಣಸಿನ ಬಳ್ಳಿ ಬೇಯಿಸಿ ತಿಂದರು. ಆಮೇಲೆ ಅದೂ ಸಿಗಲಿಲ್ಲ.

ಒಳಗೆ ಅಕ್ಕಿ ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಪೇಟೆಯ ಸೆಟ್ಟಿಕಾರರೂ ಹಂಜಮಾನದ ಹಿರಿಯರೂ ನನ್ನ ಮುಂದೆಯೇ ಸಭೆ ಕೂಡಿದರು. ಬಾಗಿಲು ಒಡೆಯೋಣ ಎಂದು ಕೆಲವರು ಹೇಳಿದರು. ಹಂಜಮಾನದ ಹಿರಿಯರು ಒಪ್ಪಲಿಲ್ಲ. ಒಡೆಯನಿಲ್ಲದಾಗ ಉಗ್ರಾಣ ಒಡೆದ ಊರು ಎಂದು ಹೆಸರು ಬಿದ್ದರೆ ಇನ್ನು ಯಾವ ಹಡಗೂ ಇಲ್ಲಿ ಲಂಗರು ಹಾಕುವುದಿಲ್ಲ ಎಂದರು. ಸೆಟ್ಟರೂ ಒಡೆಯಲು ಮುಂದಾಗಲಿಲ್ಲ. ಒಡೆದರೆ ಕಳ್ಳ ಎನ್ನುತ್ತಾರೆ ಎಂಬ ಭಯ ಅವರಿಗೆ. ಅಕ್ಕಿಯ ಬೆಲೆ ಏರುತ್ತಿರುವಾಗ ಅವರಿಗೇನು ಅವಸರ ಎಂದು ಬೆನ್ನ ಹಿಂದೆ ಜನ ಆಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಹಬ್ಬಿತು. ನಾಖುದಾ ಕೈಯನ್ನು ಒಯ್ದಿಲ್ಲ, ಅದು ಅವರ ಹೆಂಡತಿಯ ಹತ್ತಿರ ಇದೆ ಎಂದು. ಆ ಹೆಂಗಸು ಆಮಿನಮ್ಮ, ಭಟ್ಕಳದ ದೋಣಿಕಾರರ ಮಗಳು. ಸೆಟ್ಟರು ಅವರ ಮನೆಗೆ ಹೇಳಿಕಳಿಸಿದರು. ನನ್ನಲ್ಲಿ ಯಾವ ಕೈಯೂ ಇಲ್ಲ ಎಂದು ಬಾಗಿಲ ಹಿಂದಿನಿಂದಲೇ ಉತ್ತರ ಬಂತು. ಗಂಡ ಹೊರಡುವಾಗ, ಸೆಟ್ಟರು ಅತ್ತು ಕೇಳಿದರೂ ಕೊಡಬೇಡ, ಕೊಟ್ಟರೆ ನಮ್ಮ ಪಾಲು ಹೋಯಿತೆಂದೇ ತಿಳಿ ಎಂದು ಹೇಳಿದ್ದರಂತೆ. ಆ ಮಾತು ನನಗೆ ತಿಳಿದದ್ದು ಬಹಳ ತಡವಾಗಿ.

ಈ ನಡುವೆ ಚಿಕ್ಕು ಮರಕಾಲ್ತಿ ಎಂಬ ಮೀನುಗಾರರ ಹೆಂಗಸು ದಿನವೂ ಬಾಗಿಲ ಬಳಿ ಬಂದು ಕೂರತೊಡಗಿದಳು. ಸೊಂಟದಲ್ಲಿ ಒಂದು ಕೂಸು. ಒಳಗೆ ಇಲಿಗಳು ಮುಡಿ ಕಡಿದು ಒಂದಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತ್ತು. ಅವಳು ತೆಂಗಿನ ಗರಿಯ ಕಡ್ಡಿಯನ್ನು ಹೊಸ್ತಿಲ ಸಂದಿಯಲ್ಲಿ ತೂರಿಸಿ ಕಾಳು ಕಾಳಾಗಿ ಎಳೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಅಂಗೈ ತುಂಬುವಷ್ಟು ಆಗುತ್ತಿತ್ತು. ಒಂದು ಬೆಳಿಗ್ಗೆ ಸೆಟ್ಟರ ಆಳು ಅದನ್ನು ಕಂಡ. ಕೂದಲು ಹಿಡಿದು ಅವಳನ್ನು ಕೆಸರಿಗೆ ಎಳೆದ. ಕಳ್ಳಿ ಎಂದು ಕೂಗಿ ಜನ ಸೇರಿಸಿದ. ಚಿಕ್ಕು ಅಳಲಿಲ್ಲ.

"ನಾ ಕದೀಲಿಲ್ಲ. ಹೊರ್ಗ್ ಬಂದದ್ದ್ ಹೆಕ್ದೆ," ಎಂದಷ್ಟೇ ಹೇಳಿದಳು. ಆಳು ಅವಳ ಮಡಿಲನ್ನು ಕೊಡವಿದ. ಕಾಳುಗಳು ಕೆಸರಿನಲ್ಲಿ ಹೂತುಹೋದವು. ಅವಳು ಮಂಡಿಯೂರಿ ಮತ್ತೆ ಹೆಕ್ಕತೊಡಗಿದಳು. ಸೇರಿದ ಜನರ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು ನಿಂತು ಇದನ್ನೆಲ್ಲ ನೋಡುತ್ತಿದ್ದರು. ಯಾರೆಂದು ನನಗೆ ಆಗ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅದೇ ಸೆರಗು ಹೊದ್ದು ಆಮಿನಮ್ಮ ಬಂದರು. ಸೆಟ್ಟರಿಗೂ ಹೇಳಿಕಳಿಸಿದ್ದರು. ಸೆಟ್ಟರು ತಾಳೆಗರಿಯ ಓಲಿಕೊಡೆ ಹಿಡಿದು ಬಂದು ನಿಂತರು. ಆಮಿನಮ್ಮ ಸೆರಗಿನ ಗಂಟು ಬಿಚ್ಚಿದರು. ಒಳಗಿದ್ದದ್ದು ನನ್ನ ಎರಡನೆಯ ಕೈ. ಇಲ್ಲವೆಂದು ಹೇಳಿದ್ದ ಸುಳ್ಳು ಎಲ್ಲರ ಮುಂದೆ ಬಯಲಾಯಿತು. ಅವರು ತಲೆ ತಗ್ಗಿಸಲಿಲ್ಲ.

"ನಾ ನಿಮ್ಮನ್ನ್ ನಂಬಿ ಬಂದದ್ದಲ್ಲ ಸೆಟ್ರೆ, ನಂಬ್ದೇ ಬಂದದ್ದ್," ಎಂದರು. "ಬಾಗ್ಲ್ ತೆಗೀನಿ. ಆದ್ರೆ ಅಕ್ಕಿ ಅಳ್ದ್ ಮುಗೂವರಿಗೆ ನಾ ಇಲ್ಲೇ ಕೂಕಂತೆ. ನನ್ ಎದ್ರೇ ಅಳೀಕ್."

ಸೆಟ್ಟರು ಕೊಡೆಯನ್ನು ಬಾಗಿಲಿಗೆ ಒರಗಿಸಿ ತಮ್ಮ ಕೈಯನ್ನು ಹೊರತೆಗೆದರು. "ನಾನೂ ನಿಮ್ಮನ್ನ್ ನಂಬಿ ಬಂದದ್ದಲ್ಲ, ಆಮಿನಮ್ಮ. ಎದ್ರೆದ್ರ್ ಕೂಕಂಬ," ಎಂದರು.

ಎರಡು ಕೈಗಳೂ ನನ್ನೊಳಗೆ ಇಳಿದವು. ನಾನು ತೆರೆಯಲಿಲ್ಲ. ಉಪ್ಪುಗಾಳಿಗೆ ನನ್ನ ಒಳಗೆಲ್ಲ ತುಕ್ಕು ಹಿಡಿದಿತ್ತು. ನಾಖುದಾರ ಹೆಂಗಸು ಬೇರೆ ಯಾವುದೋ ಕೈ ತಂದಿದ್ದಾರೆ ಎಂದು ಸೆಟ್ಟರ ಕಣ್ಣು ಹೇಳಿತು. ಸೆಟ್ಟರು ಬೀಗವನ್ನೇ ಬದಲಿಸಿದ್ದಾರೆ ಎಂದು ಆಮಿನಮ್ಮನ ಕಣ್ಣು ಹೇಳಿತು. ಚಿಕ್ಕುವೇ ಓಡಿಹೋಗಿ ಯಾರ ಮನೆಯಿಂದಲೋ ಚಿಪ್ಪಿನಲ್ಲಿ ತೆಂಗಿನೆಣ್ಣೆ ತಂದು ನನ್ನ ಎರಡೂ ಕಂಡಿಗಳಿಗೆ ಹೊಯ್ದಳು. ಇನ್ನೊಮ್ಮೆ ತಿರುಗಿಸಿದಾಗ ನನ್ನ ನಾಲಿಗೆ ಸರಿಯಿತು.

ಅಂದಿನಿಂದ ಮಳೆ ಮುಗಿಯುವವರೆಗೂ ಅದೇ ನಡೆಯಿತು. ಸೆಟ್ಟರ ಕಡೆಯವನೊಬ್ಬ, ಹಂಜಮಾನದ ಕಡೆಯವನೊಬ್ಬ, ಇಬ್ಬರು ಅಳೆಯುವವರು. ಒಬ್ಬ ಸೇರು ತುಂಬಿದರೆ ಇನ್ನೊಬ್ಬ ಕೈಯಾಡಿಸಿ ನೋಡುವನು. ಬಸದಿಯ ಒಕ್ಕಲಿಗೂ, ದೇವಸ್ಥಾನದ ಕೇರಿಗೂ, ನಮಾಜಿನ ಪಳ್ಳಿಯ ಸುತ್ತಲಿನವರಿಗೂ, ಮೀನು ಹಿಡಿಯುವ ಮೊಗೇರರ ಗುಡಿಸಲಿಗೂ ಒಂದೇ ಅಳತೆ. ಒಬ್ಬರ ಕಡೆಯವರಿಗೆ ಹಿಡಿಯಷ್ಟು ಹೆಚ್ಚು ಬಿದ್ದರೂ ಇನ್ನೊಬ್ಬರು ಬಿಡುತ್ತಿರಲಿಲ್ಲ. ಕರುಣೆಯೊಂದನ್ನೇ ನಂಬಿಕೊಂಡು ಹಂಚಿದ್ದರೆ ಅಷ್ಟು ಸಮನಾಗಿ ಹಂಚುತ್ತಿದ್ದರೋ ಇಲ್ಲವೋ.

ಒಂದು ದಿನ ಸೆಟ್ಟರಿಗೆ ಚಳಿಜ್ವರ ಬಂತು. ಅವರ ಅಕ್ಕ ಬಂದು ಸೆಟ್ಟರ ಬೀಗದ ಕೈಯನ್ನು ಆಮಿನಮ್ಮನ ಮುಂದೆ ಹಿಡಿದರು. ನೀವೇ ತೆಗೆಯಬೇಕಂತೆ, ಜನ ಕಾಯುತ್ತಿದ್ದಾರಲ್ಲ ಎಂದರು. ಆಮಿನಮ್ಮ ಅದನ್ನು ಮುಟ್ಟಲಿಲ್ಲ. ಇಷ್ಟು ದಿನ ಇಲ್ಲದ ನಂಬಿಕೆ ಇವತ್ತೇಕೆ ಎಂದುಕೊಂಡರೋ ಏನೋ, ಎರಡು ಹೆಜ್ಜೆ ಹಿಂದೆ ಸರಿದರು. ನಾಳೆ ಒಂದು ಮುಡಿ ಕಡಿಮೆ ಬಂದರೆ ಎರಡೂ ಕೈ ನನ್ನ ಹತ್ತಿರ ಇತ್ತು ಎನ್ನುತ್ತೀರಿ, ಅವರೇ ಬರಲಿ ಎಂದರು. ಜನ ಗೊಣಗಿದರು. ಸ್ವಲ್ಪ ಹೊತ್ತಿಗೆ ಸೆಟ್ಟರನ್ನು ಡೋಲಿಯಲ್ಲಿ ಹೊತ್ತು ತಂದರು. ಕಂಬಳಿ ಹೊದ್ದು ನಡುಗುತ್ತಾ ಅವರು ಹೊಸ್ತಿಲ ಪಕ್ಕ ಮಲಗಿದರು. ಆಮಿನಮ್ಮ ಮನೆಯಿಂದ ಮೆಣಸಿನ ಕಷಾಯ ತರಿಸಿ ಅವರ ಪಕ್ಕ ಇಟ್ಟರು. ಸೆಟ್ಟರು ಅದನ್ನು ನೋಡಿದರು, ಆಮಿನಮ್ಮನನ್ನು ನೋಡಿದರು. ಆಮೇಲೆ ಬಟ್ಟಲೆತ್ತಿ ಕುಡಿದರು. ಅದನ್ನು ಕುಡಿಯಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತು ಎಂದು ನನಗೆ ಗೊತ್ತು.

ಆಶ್ವಯುಜದಲ್ಲಿ ನಾಖುದಾರ ಹಡಗು ಬಂತು. ಅವರು ಮನೆಗೂ ಹೋಗದೆ ನೇರವಾಗಿ ಉಗ್ರಾಣಕ್ಕೆ ಬಂದರು. ಆಮಿನಮ್ಮನೂ ಸೆಟ್ಟರೂ ಬಂದು ಎರಡು ಕೈಗಳಿಂದ ನನ್ನನ್ನು ತೆರೆದರು. ಒಳಗೆ ಮೂಲೆಯಲ್ಲಿ ಕೆಲವು ಮುಡಿಗಳು ಮಾತ್ರ ಉಳಿದಿದ್ದವು. ಊರಿನವರು ನಡೆದದ್ದನ್ನೆಲ್ಲ ಹೇಳಿದರು. ನಾಖುದಾ ಎಲ್ಲ ಕೇಳಿಸಿಕೊಂಡು ಹೆಂಡತಿಯ ಕಡೆಗೂ ಪಾಲುದಾರನ ಕಡೆಗೂ ತಿರುಗಿದರು. ಕಲಿತ ಕನ್ನಡದಲ್ಲಿ ನಿಧಾನವಾಗಿ ಕೇಳಿದರು.

"ಇಬ್ಬರೂ ಸೇರಿ ತೆರೆದಿರಿ. ಈ ಸೇರುವುದನ್ನು ಯಾವಾಗ ಕಲಿತಿರಿ?"

ಆ ಮಾತಿನಲ್ಲಿ ಅಕ್ಕಿಯಷ್ಟೇ ಇರಲಿಲ್ಲ. ಅದು ಎಲ್ಲರಿಗೂ ತಿಳಿಯಿತು. ಸುಳ್ಳು ಬಯಲಾದಾಗ ಊರಿನ ಮುಂದೆ ತಗ್ಗದ ಆಮಿನಮ್ಮನ ತಲೆ ಆಗ ತಗ್ಗಿತು.

ಸೆಟ್ಟರು ಮುಂದೆ ಬಂದರು. ಬಸದಿಯ ಕಡೆ ಕೈ ಎತ್ತಿ ಆಣೆ ಹಾಕುತ್ತಾರೆ ಎಂದುಕೊಂಡೆ. ಅವರು ಆಣೆ ಹಾಕಲಿಲ್ಲ.

"ನಾಖುದ್ರೆ, ನಿಮ್ ಹೆಂಗ್ಸ್ ಒಂದ್ ದಿನವೂ ನನ್ನನ್ನ್ ನಂಬ್ಲಿಲ್ಲ," ಎಂದರು. "ಜ್ವರ ಬಂದ್ ಬಿದ್ದವ್ನನ್ನೂ ಹೊತ್ಕಂಡ್ ಬಪ್ಪಾಂಗೆ ಮಾಡ್ರು. ನಿಮ್ ಪಾಲನ್ನ ಇಷ್ಟ್ ಕಾವಲ್ ಕಾದವ್ರ್ ನಿಮ್ ಹಡಗಂಗೆ ಒಬ್ರಾರೂ ಇದ್ರಾ?"

ನಾಖುದಾ ಹೆಂಡತಿಯ ಮುಂದೆ ಅಂಗೈ ಚಾಚಿದರು, ಕೈಯನ್ನು ಕೊಡು ಎಂಬಂತೆ. ಆಮಿನಮ್ಮ ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಇದು ನನ್ನ ಹತ್ತಿರವೇ ಇರಲಿ ಎಂದು ಮೆಲ್ಲಗೆ ಹೇಳಿ ಮನೆಯ ಕಡೆ ನಡೆದರು. ನಾಖುದಾರ ಅಂಗೈ ಹಾಗೆಯೇ ಚಾಚಿಕೊಂಡಿತ್ತು.

ಮುಂದಿನ ಬೇಸಿಗೆಯಲ್ಲಿ ನಾಖುದಾ ಮತ್ತೆ ಕಡಲಿಗೆ ಇಳಿದರು. ಈ ಸಲ ಬರಲಿಲ್ಲ. ಹಡಗು ಮುಳುಗಿತು ಎಂದು ಒಬ್ಬ ನಾವಿಕ ಹೇಳಿದ. ಹೋರ್ಮುಜಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾರೆ ಎಂದು ಇನ್ನೊಬ್ಬ ಹೇಳಿದ. ಯಾವುದು ನಿಜವೆಂದು ಆಮಿನಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರೂ ಸೆಟ್ಟರೂ ವ್ಯಾಪಾರ ಮುಂದುವರಿಸಿದರು. ಬಾಗಿಲ ಎರಡೂ ಪಕ್ಕ ನಿಂತು ಒಬ್ಬರು ಇನ್ನೊಬ್ಬರ ಬೆರಳು ನೋಡುತ್ತಲೇ ಮುದುಕರಾದರು. ಸೆಟ್ಟರು ತೀರಿಕೊಂಡ ದಿನ ಆಮಿನಮ್ಮ ಉಗ್ರಾಣಕ್ಕೆ ಬಂದು, ತೆರೆಯಲಾಗದ ಬಾಗಿಲ ಮುಂದೆ ಸುಮ್ಮನೆ ಕುಳಿತು ಹೋದರು.

ಸೆಟ್ಟರ ಆಸ್ತಿಗೆ ಬಂದ ಸೋದರಳಿಯನಿಗೆ ಈ ಜಂಜಾಟ ಬೇಡವಾಗಿತ್ತು. ಲೆಕ್ಕ ಮುಗಿಸಿ, ಆಮಿನಮ್ಮನನ್ನು ಕರೆಸಿ ಕೊನೆಯ ಸಲ ನನ್ನನ್ನು ತೆರೆಸಿದ. ಅವರು ತಮ್ಮ ಕೈಯನ್ನು ಹಿಂದಕ್ಕೆ ಕೊಡದೆ ಭಟ್ಕಳದ ತಂಗಿಯ ಮನೆಗೆ ಹೊರಟುಹೋದರು. ಒಂದೇ ಕೈ ಉಳಿದ ಬೀಗ ಯಾರಿಗೆ ಬೇಕು? ಸೋದರಳಿಯ ನನ್ನನ್ನು ಒಂದು ಮಠಕ್ಕೆ ಕೊಟ್ಟ.

ಈಗ ನಾನು ಆ ಮಠದ ಛತ್ರದ ಮೂಲೆಯಲ್ಲಿ, ಬಿರಿದ ಗಂಟೆ, ಹಿಡಿ ಮುರಿದ ಸೌಟುಗಳ ಜೊತೆ ಬಿದ್ದಿದ್ದೇನೆ. ನನ್ನ ಬಾಯಿ ಸದಾ ತೆರೆದೇ ಇದೆ. ಎದುರಿಗೆ ಛತ್ರದ ಅಕ್ಕಿಯ ಕೋಣೆ ಕಾಣುತ್ತದೆ. ಅದಕ್ಕೆ ಬಾಗಿಲೇ ಇಲ್ಲ. ಘಟ್ಟದ ಮೇಲಿನ ವರ್ತಕರು, ಜೋಗಿಗಳು, ಫಕೀರರು, ಯಾರ್ಯಾರೋ ಬಂದು ಉಂಡು ಮಲಗಿ ಹೋಗುತ್ತಾರೆ. ಕೋಣೆಯ ಪಕ್ಕದಲ್ಲೇ ಮಲಗುತ್ತಾರೆ. ಒಬ್ಬೊಬ್ಬರ ಮುಖವನ್ನೂ ನಾನು ಸರಿಯಾಗಿ ನೋಡಿಟ್ಟುಕೊಳ್ಳುತ್ತೇನೆ. ಇವತ್ತಲ್ಲದಿದ್ದರೆ ನಾಳೆ ಯಾರಾದರೂ ಕದ್ದೇ ಕದಿಯುತ್ತಾರೆ ಎಂದು ವರ್ಷಗಳಿಂದ ಕಾಯುತ್ತಿದ್ದೇನೆ. ಇನ್ನೂ ಯಾರೂ ಕದ್ದಿಲ್ಲ. ಇದರಲ್ಲಿ ಏನೋ ಮೋಸ ಇರಬೇಕು.